ಮಸಿ ಬಟ್ಟೆಯೊಳಗೊಂದು ಊರು!

"ಅಯ್ಯೋ ದೊಡ್ಡಮ್ಮ, ನಿಲ್ಲಿ! ಒರೆಸಬೇಡಿ!"

ನಾನು ಕೂಗಿದ ಜೋರಿಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವರೂ ಓಡಿಬಂದರು. ದೊಡ್ಡಮ್ಮನ ಕೈಯಲ್ಲಿ ಒದ್ದೆ ಬಟ್ಟೆ. ಎದುರಿಗೆ, ಜಗಲಿಯ ಮೇಲೆ, ಅಟ್ಟದಿಂದ ಇಳಿಸಿದ ಒಂದು ಕರಿ ಗಂಟು. ತುಮಕೂರು ಕಡೆಯ ಆ ಹಳೇ ಮನೆಗೆ ಸುಣ್ಣ ಬಳಿಸುವ ಗಡಿಬಿಡಿ. ಅಟ್ಟದಿಂದ ಮುರಿದ ತೊಟ್ಟಿಲು, ಕಿವಿ ಹೋದ ಕೊಪ್ಪರಿಗೆ, ಇಲಿ ತಿಂದ ಪಂಚಾಂಗ ಎಲ್ಲ ಇಳಿದಿದ್ದವು. ಅವುಗಳ ಜೊತೆಗೇ ಇದೂ.

"ಮಸಿ ಬಟ್ಟೆ ಕಣೋ ಅದು. ಒರೆಸಿದಷ್ಟೂ ಕರಿ ಬರುತ್ತೆ. ನೀರೊಲೆಗೆ ಹಾಕಿದ್ರೆ ಆಯ್ತು ಬಿಡು" ಎಂದರು ದೊಡ್ಡಮ್ಮ.

ಕರಿ ಬರುತ್ತಿದ್ದದ್ದು ನಿಜ. ಆದರೆ ಕರಿಯ ಜೊತೆಗೆ ಬೆಳ್ಳಗಿನದೂ ಏನೋ ಹೋಗುತ್ತಿತ್ತು. ಮೊದಲ ಮಡಿಕೆ ಆಗಲೇ ಬೋಳಾಗಿತ್ತು. ಉಸಿರು ಬಿಗಿಹಿಡಿದು ಎರಡನೆಯದನ್ನು ಬಿಚ್ಚಿದೆ. ಶಾಲೆಯ ಕಪ್ಪು ಹಲಗೆಯನ್ನೇ ಬಟ್ಟೆಯಂತೆ ಮಡಿಸಿಟ್ಟ ಹಾಗಿತ್ತು. ಅದರ ಮೇಲೆ, ದೋಸೆ ಕಾವಲಿಯ ಮೇಲೆ ಹಿಟ್ಟು ಚಿಮ್ಮಿದ ಹಾಗೆ, ಸಾಲು ಸಾಲು ಬೆಳ್ಳನೆಯ ಕನ್ನಡ ಅಕ್ಷರ!

ಕಡತ! ಪುಸ್ತಕದಲ್ಲಿ ಓದಿದ್ದ, ಗಾಜಿನ ಪೆಟ್ಟಿಗೆಯ ಆಚೆಯಿಂದ ಇಣುಕಿದ್ದ ಕಡತ, ನಮ್ಮದೇ ಮನೆಯ ಅಟ್ಟದಲ್ಲಿ ಕೊಪ್ಪರಿಗೆಯ ಅಡಿಯಲ್ಲಿ ಕೂತಿತ್ತು.

ಕಡತ ಎಂದರೆ ನಮಗೆ ಇವತ್ತು ಸರ್ಕಾರಿ ಕಚೇರಿಯ ಫೈಲು. ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವುದು, ಹೋಗದಿರುವುದು, ವಿಲೇವಾರಿಯಾಗುವುದು, ಕಾಣೆಯಾಗುವುದು. ಆ ಪದ ಎಲ್ಲಿಂದ ಬಂತು ನೋಡಿ! ನಮ್ಮ ವರ್ತಕರು ಒಂದು ಉದ್ದನೆಯ ಹತ್ತಿ ಬಟ್ಟೆ ತೆಗೆದುಕೊಳ್ಳುತ್ತಿದ್ದರು. ಹುಣಸೆಬೀಜವನ್ನು ಅರೆದು ಕುದಿಸಿ ಅಂಟು ಮಾಡಿ, ಇದ್ದಿಲಿನ ಪುಡಿ ಬೆರೆಸಿ, ಬಟ್ಟೆಯ ಎರಡೂ ಮಗ್ಗುಲಿಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಗಟ್ಟಿಯಾಗಿ, ಕಪ್ಪಾಗಿ, ಬರೆಯಲು ಹದವಾಗಿ ನಿಲ್ಲುತ್ತಿತ್ತು. ಬೀಸಣಿಗೆಯಂತೆ ಹಿಂದೆ ಮುಂದೆ ಮಡಿಸಿದರೆ ಪುಟಗಳಾದವು. ಬರೆಯುವುದಕ್ಕೆ ಬಳಪ, ಅಂದರೆ ಆ ಮೆತ್ತನೆಯ ಕಲ್ಲಿನ ಕಡ್ಡಿ. ಬೇಲೂರು ಹಳೇಬೀಡಿನ ಶಿಲ್ಪಗಳನ್ನು ಕಡೆದ ಕಲ್ಲಿಗೂ ನಾವು ಬಳಪದ ಕಲ್ಲು ಎನ್ನುತ್ತೇವಲ್ಲ! ಒಂದು ಕಡೆ ಮದನಿಕೆಯ ಸೊಂಟದ ಡಾಬು, ಇನ್ನೊಂದು ಕಡೆ ಶೆಟ್ಟರ ಅಂಗಡಿಯ ಉದ್ರಿ ಬಾಕಿ. ಎರಡಕ್ಕೂ ಒಂದೇ ಹೆಸರಿನ ಕಲ್ಲು.

ತಪ್ಪಾದರೆ ಒದ್ದೆ ಬೆರಳಿನಿಂದ ಒರೆಸಿ ಮತ್ತೆ ಬರೆಯಬಹುದು. ಹಳೆಯದಾದರೆ ಮತ್ತೆ ಮಸಿ ಬಳಿದು ಹೊಸದು ಮಾಡಬಹುದು. ವ್ಯಾಪಾರಿಗೆ ಅನುಕೂಲವಾದ ಆ ಗುಣವೇ ಇತಿಹಾಸಕ್ಕೆ ಮುಳುವು. ದೊಡ್ಡಮ್ಮನ ಒದ್ದೆ ಬಟ್ಟೆ ಮಾಡಿದ್ದೂ ಅದನ್ನೇ.

ಆ ಮಧ್ಯಾಹ್ನ ಊಟ ತಣ್ಣಗಾಯಿತು. ಬಾಗಿಲ ಬಳಿ ಓರೆ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಬಿಡಿಸುತ್ತ ಕೂತೆ. ಮೋಡಿ ಲಿಪಿಯಂತೆ ಒಂದರ ಬಾಲಕ್ಕೆ ಇನ್ನೊಂದು ತಗುಲಿಕೊಂಡ ಬರಹ. ಪದಗಳ ಮಧ್ಯೆ ಜಾಗವಿಲ್ಲ, ಪೂರ್ಣವಿರಾಮ ಎಂಬುದೇ ಇಲ್ಲ. ಆಣೆಗೆ ಅಡ್ಡಗೀಟು, ಪಾವಲಿಗೆ ನಿಲುಗೀಟು. ಅರ್ಧ ಗಂಟೆ ತಿಣುಕಿದ ಮೇಲೆ ಒಂದು ಪದ ತಾನಾಗಿ ಕಣ್ಣಿಗೆ ಹಾರಿತು: ಧಾತು.

ಧಾತು ಸಂವತ್ಸರ!

ಇಲ್ಲಿ ಸ್ವಲ್ಪ ಪತ್ತೇದಾರಿ ಕೆಲಸ ಬೇಕು. ನಮ್ಮ ಹಿರಿಯರು ಇಸವಿ ಹಾಕುತ್ತಿರಲಿಲ್ಲ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರ, ಮುಗಿದರೆ ಮತ್ತೆ ಮೊದಲಿಂದ. ಹಾಗಾಗಿ ಧಾತು ಎಂದರೆ 1816 ಆಗಬಹುದು, 1876 ಆಗಬಹುದು, 1936ರೂ ಆಗಬಹುದು. ಯಾವುದು? 1936ಕ್ಕೆ ಅಂಗಡಿಗಳಲ್ಲಿ ಕಾಗದದ ಲೆಕ್ಕದ ಪುಸ್ತಕ ಬಂದು ಎಷ್ಟೋ ಕಾಲವಾಗಿತ್ತು. 1816 ಆಗಿದ್ದರೆ ಲೆಕ್ಕ ವರಹ, ಹಣಗಳಲ್ಲಿ ಇರಬೇಕಿತ್ತು. ಇಲ್ಲಿ ಕಾಣುವುದು ರೂಪಾಯಿ, ಆಣೆ. ಹಾಗಾದರೆ 1876!

ಮೈ ಝುಮ್ಮೆಂದಿತು. ಯಾಕೆಂದರೆ ಹಳೇ ಮೈಸೂರಿನ ಬಯಲುಸೀಮೆಯಲ್ಲಿ ಧಾತು, ಅದರ ಮುಂದಿನ ಈಶ್ವರ ಎಂದರೆ ಬರೀ ಸಂವತ್ಸರದ ಹೆಸರಲ್ಲ. ಅದು ಬರದ ಹೆಸರು. ಧಾತು ಈಶ್ವರದ ಬರ ಎಂದು ನಮ್ಮಜ್ಜಿಯ ಕಾಲದವರು ದನಿ ಇಳಿಸಿ ಹೇಳುತ್ತಿದ್ದರು. 1876ರಲ್ಲಿ ಮಳೆ ಕೈಕೊಟ್ಟಿತು, 1878ರವರೆಗೆ ಜನ ಸತ್ತರು. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ನಂತರ, 1881ರಲ್ಲಿ, 41,86,188. ಬೆಳೆಯಬೇಕಾದ ಸಂಖ್ಯೆಯಲ್ಲಿ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಖೋತಾ!

ಈ ಅಂಕಿ ನನಗೆ ಗೊತ್ತಿತ್ತು. ಆದರೆ ಅಂಕಿ ಗೊತ್ತಿರುವುದು ಬೇರೆ, ಕಡತ ಬಿಚ್ಚುವುದು ಬೇರೆ. ಮೊದಮೊದಲಿಗೆ ರಾಗಿ ಕೊಟ್ಟ ಲೆಕ್ಕ, ಕೊಳಗ, ಬಳ್ಳ, ಸೇರುಗಳಲ್ಲಿ. ಮಡಿಕೆ ತಿರುವುತ್ತ ಹೋದಂತೆ ಕೊಳಗ ಮಾಯವಾಯಿತು. ಆಮೇಲೆ ಬಳ್ಳವೂ ಇಲ್ಲ. ಬರೀ ಸೇರು, ಅರೆಸೇರು, ಪಾವು. ಹೆಸರುಗಳ ಮುಂದೆ ಒತ್ತೆ ಇಟ್ಟ ಸಾಮಾನು ಬರತೊಡಗಿತು. ಚೆಂಬು ಒಂದು. ಬಿಂದಿಗೆ ಒಂದು. ಕಾಲುಂಗುರ ಜೊತೆ ಒಂದು. ಕೊನೆಯ ಮಡಿಕೆಗಳ ಹತ್ತಿರ, ಒಬ್ಬನ ಹೆಸರಿನ ಮುಂದೆ: ಗುಳ ಒಂದು.

ನೇಗಿಲಿನ ಗುಳ! ಮುಂದಿನ ಮಳೆಗೆ ಉಳುವ ಆಸೆಯನ್ನೇ ಒತ್ತೆ ಇಟ್ಟು ಅರೆಸೇರು ರಾಗಿ ಒಯ್ದವನ ಹೆಸರು ಯಾವ ಗೆಜೆಟಿಯರಿನಲ್ಲಿದೆ? ನಮ್ಮ ಅಟ್ಟದಲ್ಲಿತ್ತು. ಬರೆದವರು ನಮ್ಮ ವಂಶದವರೇ ಎಂಬುದು ಆಮೇಲೆ ಹೊಳೆದು, ಸಂಭ್ರಮಕ್ಕೆ ಸ್ವಲ್ಪ ಕಸಿವಿಸಿಯೂ ಬೆರೆಯಿತು. ಸಾಲ ಕೊಟ್ಟವರ ಮನೆಯಲ್ಲಿ ಕಾಗದ ಉಳಿಯುತ್ತದೆ, ಸಾಲ ತಂದವರ ಮನೆಯಲ್ಲಿ ಉಳಿಯುವುದಿಲ್ಲ.

ಅಂದಿನಿಂದ ನನಗೊಂದು ಹುಚ್ಚು ಹಿಡಿದಿದೆ. ಇತಿಹಾಸ ಬರೆಯಬೇಕೆಂದು ಬರೆದದ್ದನ್ನು ಬಿಟ್ಟು, ಕೂಲಿಗೆ, ಬಾಕಿಗೆ, ಪಾಲಿಗೆ, ಪಿಂಚಣಿಗೆ ಬರೆದದ್ದನ್ನು ಹುಡುಕುವ ಹುಚ್ಚು. ರಾಜರ ಶಾಸನದಲ್ಲಿ ಬಿರುದಾವಳಿಯೇ ನಾಲ್ಕು ಸಾಲು. ಅಂಗಡಿ ಲೆಕ್ಕದಲ್ಲಿ ಬಿರುದಿಗೆ ಜಾಗವಿಲ್ಲ, ಹೊಗಳಿದರೆ ಬಾಕಿ ತೀರುವುದಿಲ್ಲವಲ್ಲ!

ಕಡತದ ದೊಡ್ಡ ಖಜಾನೆ ಇರುವುದು ಶೃಂಗೇರಿಯಲ್ಲಿ. ಮಠದ ಗದ್ದೆ ತೋಟದ ಗೇಣಿ, ಉಂಬಳಿ, ಪೂಜೆಯ ಖರ್ಚು, ಅರಮನೆಗೆ ಹೋಗಿಬಂದ ಪತ್ರಗಳ ನಕಲು, ಎಲ್ಲವನ್ನೂ ತಲೆಮಾರುಗಟ್ಟಲೆ ಕಡತಗಳಲ್ಲಿ ಇಳಿಸಿಟ್ಟಿದ್ದಾರೆ. ಇತಿಹಾಸಕಾರ ಎ.ಕೆ. ಶಾಸ್ತ್ರಿ ಅವುಗಳನ್ನು ಓದಿ, ಆಯ್ದು ಪ್ರಕಟಿಸಿದರು. ಅದೇ ಮಠದಲ್ಲಿ 1916ರಲ್ಲಿ ನಡೆದದ್ದನ್ನು ನೆನೆದರೆ ಈಗಲೂ ರೋಮಾಂಚನ. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ ಅಲ್ಲಿ ಒಂದು ಪತ್ರಗಳ ಕಟ್ಟು ಬಿಚ್ಚುತ್ತಾರೆ. ನೋಡಿದರೆ ಟಿಪ್ಪು ಸುಲ್ತಾನ್ ಶೃಂಗೇರಿಯ ಸ್ವಾಮಿಗಳಿಗೆ ಬರೆಸಿದ ಕಾಗದಗಳು, ಕನ್ನಡದಲ್ಲಿ! 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡಿನ ಸವಾರರು ಮಠವನ್ನು ಲೂಟಿ ಮಾಡಿದ್ದು, ಆ ಸುದ್ದಿಗೆ ಸುಲ್ತಾನನ ಸಂಕಟ, ಮತ್ತೆ ಪ್ರತಿಷ್ಠೆ ಮಾಡಿಸಲು ಹಣ ಸಾಮಗ್ರಿ ಕೊಡುವಂತೆ ಬಿದನೂರಿನ ಅಧಿಕಾರಿಗೆ ಹೋದ ಅಪ್ಪಣೆ, ಎಲ್ಲ ಅದರಲ್ಲಿ. ಟಿಪ್ಪುವಿನ ಬಗ್ಗೆ ಇವತ್ತು ಎರಡೂ ಕಡೆಯವರು ಗಂಟಲು ಹರಿದುಕೊಳ್ಳುತ್ತಾರೆ. ಆ ಕಟ್ಟನ್ನು ಜೋಪಾನ ಮಾಡಿದ ಮಠದ ಲೆಕ್ಕದವರು ಮಾತ್ರ ಏನೂ ಹೇಳಲಿಲ್ಲ, ದಾರ ಕಟ್ಟಿ ಇಟ್ಟರು, ಅಷ್ಟೇ. ನೂರಿಪ್ಪತ್ತೈದು ವರ್ಷ ಆ ದಾರವೇ ಸಾಕಾಯಿತು.

ಇನ್ನು ಕಾಗದವೇ ಇಲ್ಲದ ಮನೆಗಳ ಗತಿ? ಅಲ್ಲೇ ಇರುವುದು ಇನ್ನೊಂದು ಅಚ್ಚರಿ. ಉತ್ತರ ಕರ್ನಾಟಕದವರಿಗೆ ನಾನು ಹೇಳಬೇಕಾಗಿಲ್ಲ, ಹೆಳವರನ್ನು ಅವರು ಕಣ್ಣಾರೆ ಕಂಡಿದ್ದಾರೆ. ಸುಗ್ಗಿ ಮುಗಿದ ಮೇಲೆ, ಗಂಟೆ ಕಟ್ಟಿದ ಎತ್ತಿನ ಮೇಲೆ ಕೂತು ಮನೆ ಬಾಗಿಲಿಗೆ ಬರುತ್ತಾರೆ. ಬಂದವರು ನಿಮ್ಮ ವಂಶವನ್ನು ಹೇಳುತ್ತಾರೆ! ನಿಮ್ಮ ಮುತ್ತಜ್ಜನ ಅಪ್ಪ ಯಾವ ಊರು ಬಿಟ್ಟು ಈ ಊರಿಗೆ ಬಂದ, ಅವನಿಗೆ ಮಕ್ಕಳೆಷ್ಟು, ಯಾರು ಬೇರೆಯಾದರು, ಯಾರು ದತ್ತು ಹೋದರು, ಎಲ್ಲ ಪಟಪಟನೆ ಹೇಳುತ್ತಾರೆ. ಮೊದಲು ಬಾಯಲ್ಲೇ ಇತ್ತು, ಆಮೇಲೆ ಪುಸ್ತಕಗಳು ಬಂದವು. ಈ ವರ್ಷ ಹುಟ್ಟಿದ ಮಗುವಿನ ಹೆಸರು ಸೇರಿಸಿಕೊಂಡು, ಜೋಳ ಕಾಳು ಪಡೆದು ಮುಂದಿನ ಮನೆಗೆ. ದಾಖಲೆಯ ಮನೆಯೇ ಎತ್ತಿನ ಬೆನ್ನೇರಿ ಓದುಗರ ಬಾಗಿಲಿಗೆ ಬಂದಂತಲ್ಲವೇ ಇದು! ನಮ್ಮ ಮನೆಗೆ ಅವರು ಬಾರದ್ದಕ್ಕೆ ನನಗೆ ಹೊಟ್ಟೆಕಿಚ್ಚು. ನಮಗೆ ಅಜ್ಜನ ಅಪ್ಪನ ಹೆಸರು ಬೇಕಾಗುವುದು ಪಿತೃಪಕ್ಷದಲ್ಲಿ ಮಾತ್ರ. ಅದರಾಚೆ ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತೇವೆ.

ಕರಾವಳಿಗೆ ಹೋದರೆ ದಾಖಲೆ ಅಟ್ಟದಲ್ಲಿಲ್ಲ, ಅಟ್ಟದ ಮೇಲಿನ ಮಾಡಿನಲ್ಲೇ ಇದೆ. ತಮಾಷೆಯಲ್ಲ! ಹಳೇ ಮನೆಯ ಒಂದು ಹಂಚು ಇಳಿಸಿ ಮಗುಚಿ ನೋಡಿ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಎಂದು ಅಚ್ಚೊತ್ತಿರುವುದು ಸಿಗಬಹುದು. ಬಹಳ ಜನ ತಮ್ಮ ಮನೆ 1865ರದ್ದು ಎಂದು ಬೀಗುತ್ತಾರೆ. ಪಾಪ, ಅದು ಕಾರ್ಖಾನೆ ಶುರುವಾದ ವರ್ಷ. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಕರ್ಮಿ ಆ ವರ್ಷ ಮಂಗಳೂರಿನ ಜೆಪ್ಪುವಿನಲ್ಲಿ ನದಿ ದಂಡೆಯ ಜೇಡಿಮಣ್ಣಿಗೆ ಹೊಸ ರೂಪ ಕೊಟ್ಟ. ಆಮೇಲೆ ಎಷ್ಟೋ ವರ್ಷ ಅದೇ 1865 ಹಂಚಿನ ಬೆನ್ನ ಮೇಲೆ ಕೂತಿತು. ಆದರೆ ಸ್ವಾರಸ್ಯ ಮುಂದಿದೆ. ಅದೇ ಮಾಡಿನಲ್ಲಿ ಇನ್ನೊಂದು ಹಂಚು ತೆಗೆದರೆ ಕೆಲವೊಮ್ಮೆ ಕಾಮನ್‌ವೆಲ್ತ್ ಎಂಬ ಹೆಸರು. ಏನಾಯಿತು ನಡುವೆ? ಒಂದನೇ ಮಹಾಯುದ್ಧ! 1914ರಲ್ಲಿ ಜರ್ಮನಿ ಶತ್ರುದೇಶವಾಯಿತು. ಮಿಷನ್ನಿನ ಜರ್ಮನ್ ಪ್ರಜೆಗಳನ್ನು ಅಹಮದ್‌ನಗರದ ಬಂದಿ ಶಿಬಿರಕ್ಕೆ ಕಳಿಸಿದರು. ಹಂಚಿನ, ನೇಯ್ಗೆಯ ಕಾರ್ಖಾನೆಗಳು ಬ್ರಿಟಿಷರ ವಶಕ್ಕೆ ಹೋಗಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಕಂಪನಿಯ ಕೈಸೇರಿದವು. ಯುರೋಪಿನ ಯುದ್ಧ ನಮ್ಮ ತುಳುನಾಡಿನ ಅಡುಗೆಮನೆಯ ಮೇಲೆ, ಮಳೆ ಸೋರದಂತೆ ತಡೆಯುವ ಮಣ್ಣಿನ ಬಿಲ್ಲೆಯ ಬೆನ್ನಲ್ಲಿ, ತನ್ನ ಗುರುತು ಬಿಟ್ಟುಹೋಗಿದೆ!

ಮಂಗಳೂರಿನವರು ಖಾಕಿ ಬಣ್ಣವೂ ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲೇ ಹುಟ್ಟಿತು ಎನ್ನುತ್ತಾರೆ. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ಅದನ್ನು ಮಾಡಿದನಂತೆ. ಆದರೆ ವಾಯವ್ಯ ಗಡಿಯ ಪಡೆ ಅದಕ್ಕೂ ಮೊದಲೇ ಖಾಕಿ ತೊಟ್ಟಿತ್ತು. ಈ ಜಗಳದಲ್ಲಿ ನಾನು ಯಾರ ಪಕ್ಷವೂ ಅಲ್ಲ, ಕಾರ್ಖಾನೆಯ ಬಣ್ಣದ ಲೆಕ್ಕಪುಸ್ತಕ ಯಾರಾದರೂ ತೋರಿಸಲಿ, ಆಮೇಲೆ ನೋಡೋಣ.

ಮಿಷನ್ನಿನವರ ಕಾಗದಪತ್ರಗಳ ದೊಡ್ಡ ಭಾಗ ಇವತ್ತು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿದೆ, ಮಿಷನ್ 21 ಎಂಬ ಸಂಸ್ಥೆಯ ಸಂಗ್ರಹದಲ್ಲಿ. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮಡಿಕೇರಿಗಳಿಂದ ಹೋದ ವರದಿಗಳು, ಕಾರ್ಖಾನೆ ಲೆಕ್ಕ, ಸಾವಿರಾರು ಫೋಟೋಗಳು. ಬರೆದದ್ದು ಹಳೇ ಜರ್ಮನ್ ಕೈಬರಹದಲ್ಲಿ, ಇಂದಿನ ಜರ್ಮನ್ನರೇ ಕಲಿತು ಓದಬೇಕಾದ ಲಿಪಿ. ನಮ್ಮ ಉಡುಪಿಯ ಒಂದು ಓಣಿಯಲ್ಲಿ ನೂರೈವತ್ತು ವರ್ಷದ ಹಿಂದೆ ಯಾವ ಮನೆಯವರು ಏನು ಕೆಲಸ ಮಾಡುತ್ತಿದ್ದರು ಎಂಬುದು ಯುರೋಪಿನ ಊರೊಂದರ ಕಪಾಟಿನಲ್ಲಿ ಕೂತಿದೆ. ಅಲ್ಲಿನವರು ಫೋಟೋಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಒಂದು ರಾತ್ರಿ ನೋಡಲು ಕೂತವನು ಕೋಳಿ ಕೂಗಿದ ಮೇಲೆ ಎದ್ದೆ. ಮಗ್ಗದ ಮುಂದೆ ನಿಂತವರು, ಅಚ್ಚುಮೊಳೆ ಜೋಡಿಸುವವರು, ಒದ್ದೆ ಹಂಚನ್ನು ಹಲಗೆಯ ಮೇಲೆ ಸಾಲಾಗಿ ಇಡುವ ಹೆಂಗಸರು. ನೇರ ನಮ್ಮ ಕಣ್ಣನ್ನೇ ನೋಡುತ್ತಾರೆ!

ಈಗ ಸೈನಿಕರ ಸರದಿ. ಸೈನ್ಯಕ್ಕೂ ಊರಿನ ಇತಿಹಾಸಕ್ಕೂ ಏನು ಸಂಬಂಧ ಎನ್ನುವವರು ಬೆಂಗಳೂರಿನ ಬೇಗೂರಿಗೆ ಒಮ್ಮೆ ಹೋಗಿಬರಲಿ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನ ಇದೆ. ನಾಗತ್ತರ ಎಂಬವನ ಸೇವಕ ಬುಟ್ಟಣ ಶೆಟ್ಟಿ ಕಾಳಗದಲ್ಲಿ ಸತ್ತ ಎಂಬ ಸಣ್ಣ ಸುದ್ದಿ. ಯಾವ ಕಾಳಗ? ಬೆಂಗಳೂರ ಕಾಳಗ! ಬೆಂಗಳೂರು ಎಂಬ ಹೆಸರು ನಮಗೆ ಕಲ್ಲಿನ ಮೇಲೆ ಸಿಕ್ಕಿದ್ದು ಹೀಗೆ, ಕೆಂಪೇಗೌಡರಿಗಿಂತ ಆರು ಶತಮಾನ ಮೊದಲು, ಒಬ್ಬ ಸೇವಕನ ಸಾವಿನ ದಾಖಲೆಯಲ್ಲಿ. ಓದಿ ದಾಖಲಿಸಿದವರು ಯಾರು ಗೊತ್ತೆ? ಶೃಂಗೇರಿಯ ಕಟ್ಟು ಬಿಚ್ಚಿದ ಅದೇ ನರಸಿಂಹಾಚಾರ್! ಕನ್ನಡ ಕವಿಗಳ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದವರೂ ಇವರೇ. ಈ ಮನುಷ್ಯ ನಿದ್ದೆ ಯಾವಾಗ ಮಾಡುತ್ತಿದ್ದರೋ!

ಬೇಗೂರಿನ ಕಥೆ ಹಳೆಯದಾಯಿತು ಎನ್ನುವಿರಾ? 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಒಂದು ಕಲ್ಲು ಮೇಲೆ ಬಂತು. ಗಂಗರ ಶ್ರೀಪುರುಷನ ಕಾಲ, ಸುಮಾರು ಕ್ರಿ.ಶ. 750. ಕಿಟ್ಟಯ್ಯ ಎಂಬ ಯೋಧ ಊರಿಗಾಗಿ ಸತ್ತದ್ದು ಅದರ ಮೇಲಿದೆ, ಪೆರ್ಬೊಳಲ್ ಎಂಬ ಹೆಸರೂ ಇದೆ, ಅಂದರೆ ನಮ್ಮ ಹೆಬ್ಬಾಳ. ಫ್ಲೈಓವರ್ ಕೆಳಗೆ ಮುಕ್ಕಾಲು ಗಂಟೆ ಹಾರ್ನ್ ಹೊಡೆಯುತ್ತ ನಿಲ್ಲುತ್ತೇವಲ್ಲ, ಅದೇ ನೆಲದಲ್ಲಿ ಸಾವಿರದ ಇನ್ನೂರೈವತ್ತು ವರ್ಷ ಹಳೆಯ ಸೈನಿಕ ಮಲಗಿದ್ದ! ಆಸಕ್ತ ನಾಗರಿಕರು ಕಲ್ಲನ್ನು ಉಳಿಸಿಕೊಂಡರು, ಅದಕ್ಕೊಂದು ಮಂಟಪವೂ ಎದ್ದಿತು. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಒಂದೊಂದಾಗಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಸವೆದ ಅಕ್ಷರ ಯಂತ್ರಕ್ಕೆ ಕಾಣುತ್ತದೆ.

ಸೈನ್ಯದ ದಾಖಲೆ ಎಂದಾಗ ಮೆಕೆಂಜಿಯನ್ನು ಬಿಡಲಾಗದು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಇಂಜಿನಿಯರ್ ಕಾಲಿನ್ ಮೆಕೆಂಜಿ, ಯುದ್ಧ ಮುಗಿದ ಕೂಡಲೇ ಮೈಸೂರು ಸೀಮೆಯ ಮೋಜಣಿಗೆ ಹೊರಟ. ನಕ್ಷೆ ಬೇಕಾಗಿದ್ದದ್ದು ಕಂಪನಿಯ ದಂಡಿಗೆ. ಆದರೆ ಇವನು ಊರೂರಿನ ಶಾನುಭೋಗರನ್ನು, ಗೌಡರನ್ನು, ಪೂಜಾರಿಗಳನ್ನು ಕೂರಿಸಿ ಕೇಳಿದ: ನಿಮ್ಮ ಊರು ಹುಟ್ಟಿದ್ದು ಹೇಗೆ? ಅವರು ಬರೆದುಕೊಟ್ಟ ಉತ್ತರಗಳೇ ಕೈಫಿಯತ್ತುಗಳು. ಕೇಳಲು ಹೋದವರು ಕಾವಲಿ ಬೊರಯ್ಯ, ಲಕ್ಷ್ಮಯ್ಯರಂಥ ನಮ್ಮವರೇ. ಕನಕಗಿರಿಯ ಜೈನ ಪಂಡಿತ ದೇವಚಂದ್ರನ ರಾಜಾವಳೀಕಥೆಯ ಹಿಂದೆ ಇರುವುದೂ ಇದೇ ಮೆಕೆಂಜಿಯ ಪ್ರಶ್ನೆ. ಈ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ನಿಮ್ಮ ಊರಿನ ಕೆರೆಯನ್ನು ಯಾರು ಕಟ್ಟಿಸಿದರು ಎಂಬ ಪ್ರಶ್ನೆಗೆ, ಇನ್ನೂರು ವರ್ಷದ ಹಿಂದಿನ ನಿಮ್ಮೂರ ಶಾನುಭೋಗ ಏನು ಹೇಳಿದ್ದ ಎಂಬುದು ಅಲ್ಲಿ ಇದ್ದರೂ ಇರಬಹುದು. ಹುಡುಕಿ!

ಇನ್ನು 1918. ಸೆಪ್ಟೆಂಬರ್ 23. ಈಗಿನ ಇಸ್ರೇಲಿನ ಹೈಫಾ ಬಂದರು. ಕಾರ್ಮೆಲ್ ಬೆಟ್ಟದ ಮೇಲೆ ತುರ್ಕರ ಫಿರಂಗಿಗಳು. ಕೆಳಗೆ ಈಟಿ ಹಿಡಿದ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು. ನಮ್ಮವರ ಕುದುರೆಗಳು ಕಡಿದಾದ ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿದವು! ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂವರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕ ಸ್ತಂಭವಿದೆ. ಪಕ್ಕದಲ್ಲೇ ಬಸ್ಸು ಆಟೋ ಓಡುತ್ತವೆ, ತಲೆ ಎತ್ತಿ ಓದುವವರು ಕಡಿಮೆ.

ಆ ಸೈನಿಕರ ಮನೆಗಳು ಎಲ್ಲಿ? ಇಲ್ಲೇ ಇದೆ ನೋಡಿ ಬೆರಗು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ಸತ್ತ ಸೈನಿಕರ ಪಟ್ಟಿಯನ್ನು ಯಾರು ಬೇಕಾದರೂ ಹುಡುಕುವಂತೆ ಇಟ್ಟಿದೆ. ಹೆಸರು, ನಂಬರು, ಪಡೆ, ಸತ್ತ ದಿನ. ಎಷ್ಟೋ ಭಾರತೀಯ ಹೆಸರುಗಳ ಎದುರಿಗೆ ತಂದೆಯ ಹೆಸರೂ, ಊರೂ ಇದೆ! ಮೈಸೂರು ಎಂದು ಟೈಪ್ ಮಾಡಿದೆ. ಪರದೆಯ ಮೇಲೆ ಹೆಸರುಗಳು ಇಳಿಯತೊಡಗಿದವು. ಇಂಗ್ಲಿಷ್ ಗುಮಾಸ್ತನ ಕಿವಿಗೆ ಬಿದ್ದಂತೆ ಬರೆದ, ಮುರಿದು ತಿರುಚಿದ ಊರ ಹೆಸರುಗಳು. ಜೋರಾಗಿ ಬಾಯಲ್ಲಿ ಹೇಳಿಕೊಂಡರೆ ಮಾತ್ರ ಗುರುತು ಸಿಗುತ್ತದೆ. ಹೇಳಿಕೊಂಡಾಗ ಗಂಟಲು ಕಟ್ಟುತ್ತದೆ.

ಮನೆಯಲ್ಲಿ ಹಳೆಯ ಪದಕವಿದ್ದರೆ ಅದರ ಮುಖ ನೋಡಬೇಡಿ, ಅಂಚು ನೋಡಿ. ಒಂದನೇ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು. ಅದರ ಸುತ್ತಲಿನ ಅಂಚಿನ ಮೇಲೆ, ಭೂತಗನ್ನಡಿ ಹಿಡಿದರೆ ಕಾಣುವಷ್ಟು ಸಣ್ಣಗೆ, ಪಡೆದವನ ನಂಬರು, ಹೆಸರು, ಪಡೆಯ ಹೆಸರು ಒತ್ತಿರುತ್ತಾರೆ. ಸೈನ್ಯದ ಜೊತೆ ಕೂಲಿ ಕೆಲಸಕ್ಕೆ ಹೋದವರಿಗೆ ಅದೇ ಪದಕವನ್ನು ಕಂಚಿನಲ್ಲಿ ಕೊಟ್ಟರು. ಬೆಳ್ಳಿಯದು ಬರಗಾಲಕ್ಕೆ, ಮದುವೆಗೆ ಅಕ್ಕಸಾಲಿಯ ಮೂಸೆ ಸೇರಿದ್ದೇ ಹೆಚ್ಚು. ಮಗಳ ಕಾಲ್ಗೆಜ್ಜೆಯಲ್ಲಿ ಅಜ್ಜನ ರೆಜಿಮೆಂಟು ಕರಗಿಹೋಯಿತು. ತಪ್ಪೆಂದು ಯಾರಿಗೆ ಹೇಳೋಣ!

ಕಾಗದಗಳು ಕೂಡಿ ಒಂದೆಡೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಲಾಹೋರ್ ಸಾಕ್ಷಿ. ಒಂದನೇ ಯುದ್ಧಕ್ಕೆ ಹೋದ ಪಂಜಾಬಿನ ಸೈನಿಕರ ಊರುವಾರು ಪಟ್ಟಿಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಸುಮಾರು ನೂರು ವರ್ಷ ಯಾರೂ ಮುಟ್ಟದೆ ಬಿದ್ದಿದ್ದವು. 2021ರಲ್ಲಿ ಅವುಗಳ ಡಿಜಿಟಲ್ ರೂಪ ಹೊರಬಂದಾಗ ಲೆಕ್ಕಕ್ಕೆ ಸಿಕ್ಕವರು ಸುಮಾರು 3,20,000 ಸೈನಿಕರು! ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸುವ ಮೊಮ್ಮಗ ತನ್ನ ಹಳ್ಳಿಯ ಹೆಸರು ಒತ್ತಿ ಮುತ್ತಜ್ಜನನ್ನು ಹುಡುಕಬಲ್ಲ.

ನಮ್ಮಲ್ಲಿ ಇಂಥ ಕೆಲಸ ಒಂಟಿ ಜೀವಗಳು ಮಾಡಿದ್ದೇ ಹೆಚ್ಚು. ಸಾಗರ ತಾಲ್ಲೂಕಿನ ಕೆಳದಿಗೆ ಹೋಗಿ ನೋಡಿ. ಕೆಳದಿ ಗುಂಡಾ ಜೋಯಿಸರು ಮನೆಮನೆ ಹೊಕ್ಕು, ತಾಳೆಗರಿ, ಮೋಡಿ ಪತ್ರ, ತಿಗಳಾರಿ ಗ್ರಂಥಗಳನ್ನು ಕೂಡಿಸಿ ಒಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯಕ್ಕೆ ತಂಜಾವೂರಿನ ಪಂಡಿತನೊಬ್ಬ ತನ್ನ ಬಳಿಯಿದ್ದ ತಾಳೆಗರಿ ಕಟ್ಟು ತಂದುಕೊಟ್ಟದ್ದರಿಂದಲೇ ಅಲ್ಲವೇ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು! ಆ ಪಂಡಿತನ ಮನೆಯಲ್ಲೂ ನೀರೊಲೆ ಇದ್ದೇ ಇತ್ತು.

ನಮ್ಮ ಕಡತದ ವಿಷಯಕ್ಕೆ ಬರುತ್ತೇನೆ. ಅವತ್ತು ಸಂಜೆ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. ನಾನು ಓದಲಾಗದ ಎರಡು ಅಕ್ಷರಗಳನ್ನು ಅವರು ಕೂಡಲೇ ಓದಿದರು. ಅವರ ಮಾವ ಬರೆಯುತ್ತಿದ್ದ ಪಟ್ಟಿಗಳಲ್ಲಿ ಹಾಗೇ ಇರುತ್ತಿತ್ತಂತೆ! ಒಣ ಕುಂಚದಿಂದ ಧೂಳು ಕೊಡವಿ, ಕಿಟಕಿಯ ಬೆಳಕಿನಲ್ಲಿ ಮಡಿಕೆ ಮಡಿಕೆಯ ಫೋಟೋ ತೆಗೆದೆವು. ಮಡಿಕೆಯ ಮಧ್ಯೆ ತೆಳು ಹತ್ತಿ ಬಟ್ಟೆ ಇಟ್ಟು, ಬಜೆ ಬೇರಿನ ಪೊಟ್ಟಣ ಜೊತೆಗಿಟ್ಟು, ತಗಡಿನ ಪೆಟ್ಟಿಗೆಗೆ ಸೇರಿಸಿದೆವು. ಲ್ಯಾಮಿನೇಷನ್ ಮಾಡಿಸೋಣ ಎಂದ ಅಣ್ಣನ ಮಗನನ್ನು ಗದರಿಸಿದ್ದಾಯಿತು. ಬಿಸಿ ಪ್ಲಾಸ್ಟಿಕ್ಕಿನೊಳಗೆ ಹೋದ ಹಳೇ ಕಾಗದ ಮತ್ತೆ ಹೊರಗೆ ಬರುವುದಿಲ್ಲ, ಸೆಲ್ಲೋಟೇಪು ಅದಕ್ಕಿಂತ ಕೆಟ್ಟದ್ದು. ರಾಜ್ಯ ಪತ್ರಾಗಾರ ಇಲಾಖೆ ಮನೆಗಳಲ್ಲಿರುವ ದಾಖಲೆಗಳನ್ನೂ ಪಡೆದು ಕಾಪಾಡುತ್ತದೆ. ಮನೆಯವರೆಲ್ಲ ಒಪ್ಪಿದರೆ ಇದೂ ಅಲ್ಲಿಗೆ.

ಗುಳ ಒತ್ತೆ ಇಟ್ಟವನ ಮನೆತನದವರು ಇನ್ನೂ ಆ ಊರಿನಲ್ಲೇ ಇದ್ದಾರೆ. ಕಡತ ಪೆಟ್ಟಿಗೆ ಸೇರುವ ಮೊದಲು ಅವರನ್ನು ಕರೆದು ಆ ಸಾಲು ತೋರಿಸಿದೆ. ಹಿರಿಯರೊಬ್ಬರು ಮುಟ್ಟಲು ಕೈ ಚಾಚಿ, ಹಾಗೇ ಹಿಂದಕ್ಕೆ ತೆಗೆದುಕೊಂಡರು. ಆ ಹೆಸರನ್ನೇ ಅವರ ಮೊಮ್ಮಗನಿಗೂ ಇಟ್ಟಿದ್ದಾರೆ.

ಒರೆಸಿಹೋದ ಮೊದಲ ಮಡಿಕೆಯಲ್ಲಿ ಯಾರ ಹೆಸರಿತ್ತು ಎಂದು ಈಗ ಯಾರೂ ಹೇಳಲಾರರು. ದಸರೆಗೋ ದೀಪಾವಳಿಗೋ ನೀವು ಅಟ್ಟ ಹತ್ತುವಿರಲ್ಲ, ಒದ್ದೆ ಬಟ್ಟೆಯನ್ನು ಕೆಳಗೇ ಬಿಟ್ಟು ಹತ್ತಿ.